ದ್ರವವಿಲ್ಲದ ಬ್ಯಾಟರಿ: ಒಂದು ದೀರ್ಘ ಹುಡುಕಾಟದ ಇತಿಹಾಸ



ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸುವ ಬ್ಯಾಟರಿಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಮೊಬೈಲ್ ಫೋನಿನಲ್ಲಿ ಒಂದು, ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಒಂದು, ಕರೆಂಟ್ ಹೋದಾಗ ಹೊತ್ತಿಸುವ ದೀಪದಲ್ಲಿ ಮತ್ತೊಂದು. ವಿದ್ಯುತ್ ಸ್ಕೂಟರ್ ಇದ್ದರೆ ಅದರೊಳಗೆ ಹತ್ತಾರು, ಕೆಲವೊಮ್ಮೆ ನೂರಾರು ಕೋಶಗಳನ್ನು ಜೋಡಿಸಿದ ಒಂದು ಪೆಟ್ಟಿಗೆಯೇ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಲಿಥಿಯಮ್ ಅಯಾನು ಬ್ಯಾಟರಿಗಳು. ಪ್ರತಿಯೊಂದು ಕೋಶದ ಒಳಗೂ ಸ್ವಲ್ಪ ದ್ರವವಿದೆ. ಅದು ಬೆಂಕಿ ಹತ್ತುವ ದ್ರವ.

2022ರ ಬೇಸಿಗೆಯಲ್ಲಿ ನಮ್ಮ ದೇಶದ ಹಲವು ಊರುಗಳಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಪ್ರಾಣಹಾನಿಯೂ ಆಯಿತು. ಆಗ ಅನೇಕರ ಮನಸ್ಸಿನಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಮೂಡಿತು: ಉರಿಯುವ ಆ ದ್ರವವನ್ನೇ ತೆಗೆದುಹಾಕಿ, ಅದರ ಜಾಗದಲ್ಲಿ ಉರಿಯದ ಘನವಸ್ತುವೊಂದನ್ನು ಇಡಬಾರದೇ?

ಇಡಬಹುದು. ಘನವಸ್ತುವಿನ ಮೂಲಕವೂ ಅಯಾನುಗಳು ಹರಿಯಬಲ್ಲವು ಎಂಬ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿದ್ದು 1830ರ ದಶಕದಲ್ಲಿ. ಅಂದರೆ ಇದು ಹೊಸ ವಿಚಾರವೇನಲ್ಲ. ಸುಮಾರು ನೂರ ತೊಂಬತ್ತು ವರ್ಷ ಹಳೆಯದು. ಹಾಗಿದ್ದರೆ ನಮ್ಮ ಫೋನಿನಲ್ಲಿ ಇನ್ನೂ ದ್ರವವೇ ಏಕಿದೆ? ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಅದನ್ನು ಈಗ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಎರಡು ದಡ, ನಡುವೆ ಹೊಳೆ

ಮೊದಲು ಕೋಶದೊಳಗೆ ನಡೆಯುವುದನ್ನು ನೆನಪಿಗೆ ತಂದುಕೊಳ್ಳೋಣ. ಒಂದು ಬದಿಗೆ ಋಣಾಗ್ರ, ಇನ್ನೊಂದು ಬದಿಗೆ ಧನಾಗ್ರ. ಇವುಗಳ ನಡುವೆ ಇರುವುದೇ ವಿದ್ಯುದ್ವಿಭಾಜ್ಯ. ಎರಡು ಅಗ್ರಗಳನ್ನು ಹೊಳೆಯ ಎರಡು ದಡದಲ್ಲಿರುವ ಊರುಗಳೆಂದು ಭಾವಿಸಿ. ಲಿಥಿಯಮ್ ಪರಮಾಣು ಋಣಾಗ್ರದ ಊರಿನಿಂದ ಹೊರಡುವಾಗ ಎರಡಾಗಿ ಬೇರ್ಪಡುತ್ತದೆ. ಒಂದು, ಧನ ವಿದ್ಯುದಂಶವುಳ್ಳ ಅಯಾನು. ಇನ್ನೊಂದು, ಋಣ ವಿದ್ಯುದಂಶವುಳ್ಳ ಎಲೆಕ್ಟ್ರಾನು. ಅಯಾನು ದೋಣಿಯಲ್ಲಿ ಕುಳಿತು ನೇರವಾಗಿ ಹೊಳೆ ದಾಟುತ್ತದೆ. ಎಲೆಕ್ಟ್ರಾನಿಗೆ ದೋಣಿಯಲ್ಲಿ ಜಾಗವಿಲ್ಲ. ಅದು ಸೇತುವೆಯ ದಾರಿಯಲ್ಲಿ ಸುತ್ತಿಕೊಂಡು ಬರಬೇಕು. ಆ ಸೇತುವೆಯೇ ಹೊರಗಿನ ತಂತಿ. ಅಲ್ಲಿ ನಾವು ಸುಂಕದಕಟ್ಟೆ ಇಟ್ಟುಕೊಂಡಿದ್ದೇವೆ. ದಾಟುವ ಎಲೆಕ್ಟ್ರಾನುಗಳಿಂದ ದೀಪ ಹೊತ್ತಿಸುವ, ಮೋಟಾರು ತಿರುಗಿಸುವ ಕೆಲಸ ತೆಗೆದುಕೊಳ್ಳುತ್ತೇವೆ. ಚಾರ್ಜ್ ಮಾಡುವಾಗ ಈ ಪ್ರಯಾಣವೆಲ್ಲ ಹಿಂದುಮುಂದಾಗುತ್ತದೆ.

ಇದರಿಂದ ವಿದ್ಯುದ್ವಿಭಾಜ್ಯಕ್ಕೆ ಎರಡು ಕಟ್ಟಳೆಗಳಿವೆ ಎಂದು ನಿಮಗೆ ಹೊಳೆದಿರಬೇಕು. ಅದು ಅಯಾನುಗಳನ್ನು ಧಾರಾಳವಾಗಿ ಬಿಡಬೇಕು; ಎಲೆಕ್ಟ್ರಾನುಗಳನ್ನು ಬಿಡಲೇಬಾರದು. ಎಲೆಕ್ಟ್ರಾನು ಕೋಶದೊಳಗಿಂದಲೇ ದಾಟಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ, ಕೋಶ ಬಿಸಿಯೇರುತ್ತದೆ.

ದ್ರಾವಣಗಳಲ್ಲಿ ಅಯಾನುಗಳು ಸುಲಭವಾಗಿ ಓಡಾಡುತ್ತವೆ. ಕಾರಿನ ಹಳೆಯ ಸೀಸದ ಬ್ಯಾಟರಿಯಲ್ಲಿ ನೀರು ಬೆರೆಸಿದ ಗಂಧಕಾಮ್ಲವಿರುತ್ತದೆ. ಆದರೆ ಲಿಥಿಯಮ್ ನೀರನ್ನು ಕಂಡರೆ ಸುಮ್ಮನಿರುವ ಲೋಹವಲ್ಲ. ಕೂಡಲೇ ವರ್ತಿಸಿ ಜಲಜನಕವನ್ನು ಬಿಡುಗಡೆ ಮಾಡುತ್ತದೆ. ಆದ್ದರಿಂದ ಲಿಥಿಯಮ್ ಕೋಶದಲ್ಲಿ ಇಥಿಲೀನ್ ಕಾರ್ಬೊನೇಟ್, ಡೈಮೀಥೈಲ್ ಕಾರ್ಬೊನೇಟ್ ಮೊದಲಾದ ಸಾವಯವ ದ್ರಾವಕಗಳಲ್ಲಿ ಲಿಥಿಯಮ್ ಲವಣವನ್ನು ಕರಗಿಸಿ ಬಳಸುತ್ತಾರೆ. ಇವು ಉರಿಯುವ ವಸ್ತುಗಳು. ಎರಡು ಅಗ್ರಗಳು ಒಂದಕ್ಕೊಂದು ತಾಗದಂತೆ ನಡುವೆ ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅದರ ದಪ್ಪ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗದ ಆಸುಪಾಸು. ಪೆಟ್ಟು ಬಿದ್ದೋ, ಅತಿಯಾಗಿ ಚಾರ್ಜ್ ಆಗಿಯೋ, ತಯಾರಿಕೆಯ ದೋಷದಿಂದಲೋ ಈ ಪೊರೆ ಹರಿದರೆ ಕೋಶ ಬಿಸಿಯಾಗುತ್ತದೆ. ಬಿಸಿಯಿಂದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಅವುಗಳಿಂದ ಇನ್ನಷ್ಟು ಬಿಸಿ ಹುಟ್ಟುತ್ತದೆ. ಪೊರೆ ಕರಗುತ್ತದೆ, ದ್ರವ ಆವಿಯಾಗುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಒಂದು ಕೋಶದ ಬೆಂಕಿ ಪಕ್ಕದ ಕೋಶಕ್ಕೆ ದಾಟುತ್ತದೆ.

ಫ್ಯಾರಡೆಯ ಬಿಸಿ ಬೆಳ್ಳಿ

ಈಗ 1833ನೇ ಇಸವಿಗೆ ಹೋಗೋಣ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಬೇರೆ ಬೇರೆ ವಸ್ತುಗಳ ಮೂಲಕ ವಿದ್ಯುತ್ತನ್ನು ಹರಿಸಿ ಪರೀಕ್ಷಿಸುತ್ತಿದ್ದರು. ಲೋಹಗಳನ್ನು ಕಾಯಿಸಿದರೆ ಅವುಗಳ ವಾಹಕತೆ ಕಡಿಮೆಯಾಗುತ್ತದೆ. ಆದರೆ ಸಿಲ್ವರ್ ಸಲ್ಫೈಡನ್ನು ಕಾಯಿಸಿದಾಗ ವಾಹಕತೆ ಹೆಚ್ಚುವುದನ್ನು ಅವರು ಕಂಡರು. ಸೀಸದ ಫ್ಲೋರೈಡಿನಲ್ಲಿಯೂ ಹೀಗೆಯೇ: ತಣ್ಣಗಿದ್ದಾಗ ವಿದ್ಯುತ್ತನ್ನು ತಡೆಯುವ ಈ ಲವಣ, ಕೆಂಪಗೆ ಕಾದಾಗ ಕರಗದೆಯೇ ವಾಹಕವಾಯಿತು. ಅದರಲ್ಲಿ ಫ್ಲೋರೈಡ್ ಅಯಾನುಗಳು ಚಲಿಸುತ್ತವೆ ಎಂದು ನಮಗೆ ಇಂದು ಗೊತ್ತಿದೆ. ಅಯಾನು, ಆನೋಡ್, ಕ್ಯಾಥೋಡ್, ಎಲೆಕ್ಟ್ರೋಲೈಟ್ ಎಂಬ ಪದಗಳು ಬಳಕೆಗೆ ಬಂದದ್ದೂ ಫ್ಯಾರಡೆಯವರ 1834ರ ಬರಹಗಳಿಂದ. ಆ ಪದಗಳನ್ನು ಆರಿಸುವಲ್ಲಿ ಕೇಂಬ್ರಿಜ್‌ನ ವಿಲಿಯಮ್ ಹ್ಯೂವೆಲ್ ಎಂಬ ವಿದ್ವಾಂಸರು ನೆರವಾಗಿದ್ದರು.

ಆ ಕಾಲದಲ್ಲಿ ಇದರಿಂದ ಉಪಯೋಗವೇನೂ ಆಗಲಿಲ್ಲ. 1897ರಲ್ಲಿ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಅವರು ಜಿರ್ಕೋನಿಯಮ್ ಆಕ್ಸೈಡಿಗೆ ಬೇರೆ ಆಕ್ಸೈಡ್ ಬೆರೆಸಿ ದೀಪದ ಕಡ್ಡಿಯೊಂದನ್ನು ಮಾಡಿದರು. ಮೊದಲು ಕಾಯಿಸಿದರೆ ಮಾತ್ರ ಅದು ವಿದ್ಯುತ್ತನ್ನು ಹರಿಯಬಿಟ್ಟು ಬೆಳಗುತ್ತಿತ್ತು. ಟಂಗ್‌ಸ್ಟನ್ ತಂತಿಯ ಬಲ್ಬು ಬಂದ ಮೇಲೆ ಈ ದೀಪ ಮೂಲೆಗೆ ಬಿತ್ತು.

ನಿಜವಾದ ಅಚ್ಚರಿ ಕಾದಿದ್ದು 1914ರಲ್ಲಿ. ಜರ್ಮನಿಯ ಟ್ಯೂಬಾಂಟ್ ಮತ್ತು ಲೊರೆನ್ಸ್ ಎಂಬ ವಿಜ್ಞಾನಿಗಳು ಸಿಲ್ವರ್ ಅಯೊಡೈಡನ್ನು ಕಾಯಿಸುತ್ತಾ ಅದರ ವಾಹಕತೆಯನ್ನು ಅಳೆದರು. ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾಹಕತೆ ಒಮ್ಮೆಗೇ ಸಾವಿರಾರು ಪಟ್ಟು ಏರಿತು. 558 ಡಿಗ್ರಿಯಲ್ಲಿ ಅದು ಕರಗಿ ದ್ರವವಾದಾಗ ವಾಹಕತೆ ಏರುವ ಬದಲು ಸ್ವಲ್ಪ ಇಳಿಯಿತು! ಅಯಾನುಗಳ ಓಡಾಟಕ್ಕೆ ದ್ರವವೇ ಉತ್ತಮ ಎಂಬ ನಂಬಿಕೆಗೆ ಇದು ನೇರ ವಿರುದ್ಧವಾಗಿತ್ತು.

ಕಾರಣವನ್ನು 1930ರ ದಶಕದಲ್ಲಿ ಲೆಸ್ಟರ್ ಸ್ಟ್ರಾಕ್ ಎಂಬುವರು ಎಕ್ಸ್ ಕಿರಣಗಳ ಸಹಾಯದಿಂದ ಹುಡುಕಿದರು. ಆ ಸ್ಫಟಿಕದಲ್ಲಿ ಅಯೊಡೈಡ್ ಅಯಾನುಗಳು ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ನಿಂತಿವೆ. ಆದರೆ ಸ್ಫಟಿಕದ ಒಂದು ಘಟಕದಲ್ಲಿರುವ ಎರಡು ಬೆಳ್ಳಿ ಅಯಾನುಗಳಿಗೆ ಕುಳಿತುಕೊಳ್ಳಬಹುದಾದ ಜಾಗಗಳು 42 ಇವೆ ಎಂದು ಅವರು ಲೆಕ್ಕ ಹಾಕಿದರು. ನಮ್ಮ ಸರ್ಕಾರಿ ಬಸ್ಸೊಂದರಲ್ಲಿ ಇಬ್ಬರೇ ಪ್ರಯಾಣಿಕರಿದ್ದರೆ ಹೇಗೋ ಹಾಗೆ! ಒಂದು ಸೀಟಿನಿಂದ ಇನ್ನೊಂದಕ್ಕೆ ಜಿಗಿಯಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಘನವಸ್ತುವಿನಲ್ಲಿ ಅಯಾನು ಓಡುವ ಗುಟ್ಟು ಇಲ್ಲಿದೆ: ಗಟ್ಟಿಯಾದ ಚೌಕಟ್ಟು, ಅದರೊಳಗೆ ಬೇಕಾದಷ್ಟು ಖಾಲಿ ಜಾಗ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಸಾಕಷ್ಟು ಅಗಲವಾದ ಬಾಗಿಲು.

1967ರಲ್ಲಿ ಅಮೆರಿಕದ ಫೋರ್ಡ್ ಮೋಟಾರು ಕಂಪನಿಯ ಜೋಸೆಫ್ ಕಮ್ಮರ್ ಮತ್ತು ಸಹೋದ್ಯೋಗಿಗಳು ಇದೇ ಗುಟ್ಟನ್ನು ಬೀಟಾ ಅಲ್ಯೂಮಿನ ಎಂಬ ಪಿಂಗಾಣಿಯಂತಹ ವಸ್ತುವಿನಲ್ಲಿ ಕಂಡರು. ಅದರ ಪದರಗಳ ನಡುವೆ ಸೋಡಿಯಮ್ ಅಯಾನುಗಳು ಸಲೀಸಾಗಿ ಹರಿಯುತ್ತವೆ. ಅದನ್ನು ನಡುವೆ ಇಟ್ಟು ಅವರು ಸೋಡಿಯಮ್–ಗಂಧಕ ಬ್ಯಾಟರಿಯನ್ನು ರೂಪಿಸಿದರು. ಸಾಮಾನ್ಯ ಬ್ಯಾಟರಿಯಲ್ಲಿ ಅಗ್ರಗಳು ಘನ, ನಡುವಿನದು ದ್ರವ. ಇಲ್ಲಿ ನಡುವಿನದು ಘನ, ಅಗ್ರಗಳೇ ದ್ರವ! ಆದರೆ ಸೋಡಿಯಮ್, ಗಂಧಕ ಎರಡೂ ಕರಗಿಯೇ ಇರಬೇಕಾದ್ದರಿಂದ ಬ್ಯಾಟರಿಯನ್ನು ಸುಮಾರು 300 ಡಿಗ್ರಿ ಬಿಸಿಯಲ್ಲಿಡಬೇಕು. ಕಾರಿಗೆ ಅದು ಒಗ್ಗಲಿಲ್ಲ. ಜಪಾನಿನಲ್ಲಿ ವಿದ್ಯುತ್ ಜಾಲದ ಹೆಚ್ಚುವರಿ ವಿದ್ಯುತ್ತನ್ನು ಕೂಡಿಡಲು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಅಲ್ಲಿಯೇ 2011ರಲ್ಲಿ ಇಂತಹ ಒಂದು ಬ್ಯಾಟರಿ ಸ್ಥಾವರಕ್ಕೆ ಬೆಂಕಿಯೂ ಬಿತ್ತು. ನಡುವಿನ ವಸ್ತು ಘನವಾದ ಮಾತ್ರಕ್ಕೆ ಅಪಾಯ ಪೂರ್ತಿ ಹೋಗುವುದಿಲ್ಲ ಎಂಬ ಮಾತನ್ನು ಇಲ್ಲಿಯೇ ಗಮನದಲ್ಲಿಡಿ.

ಹೃದಯದ ಜೊತೆಗಾರ

ಈ ಇತಿಹಾಸದಲ್ಲಿ ಮೊದಲು ಗೆದ್ದ ಲಿಥಿಯಮ್ ಕೋಶ ಎಲ್ಲಿತ್ತು ಗೊತ್ತೇ? ಕಾರಿನಲ್ಲಲ್ಲ, ಫೋನಿನಲ್ಲಲ್ಲ, ಮನುಷ್ಯನ ಎದೆಯೊಳಗೆ.

ಕೆಲವು ರೋಗಿಗಳ ಹೃದಯ ತಾನಾಗಿ ಸರಿಯಾದ ವೇಗದಲ್ಲಿ ಬಡಿಯುವುದಿಲ್ಲ. ಪೇಸ್‌ಮೇಕರ್ ಎಂಬ ಸಣ್ಣ ಉಪಕರಣ ವಿದ್ಯುತ್ ಮಿಡಿತಗಳನ್ನು ಕೊಟ್ಟು ಅದನ್ನು ನಡೆಸುತ್ತದೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬುವರಿಗೆ ಮೊದಲ ಬಾರಿಗೆ ಅದನ್ನು ದೇಹದೊಳಗೇ ಇಡಲಾಯಿತು. ಆ ಮೊದಲ ಉಪಕರಣ ನಡೆದದ್ದು ಕೆಲವೇ ಗಂಟೆ. ಲಾರ್ಸನ್ 2001ರವರೆಗೆ, 86 ವರ್ಷ ತುಂಬು ಬಾಳು ಬಾಳಿದರು. ಆದರೆ ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಉಪಕರಣವನ್ನು ಬದಲಾಯಿಸಬೇಕಾಯಿತು.

1960ರ ದಶಕದಲ್ಲಿ ಪೇಸ್‌ಮೇಕರ್‌ಗಳಿಗೆ ಪಾದರಸ–ಸತು ಕೋಶಗಳನ್ನು ಬಳಸುತ್ತಿದ್ದರು. ಅವು ಸುಮಾರು ಎರಡು ವರ್ಷ ಬಾಳುತ್ತಿದ್ದವು. ಅವುಗಳಿಂದ ಅನಿಲ ಹೊರಬರುತ್ತಿದ್ದುದರಿಂದ ಉಪಕರಣವನ್ನು ಗಾಳಿಯಾಡದಂತೆ ಮುಚ್ಚುವಂತಿರಲಿಲ್ಲ. ದೇಹದ ತೇವ ಒಳಗೆ ಸೇರುತ್ತಿತ್ತು. ಕೋಶ ಮುಗಿದರೆ ಮತ್ತೆ ಶಸ್ತ್ರಚಿಕಿತ್ಸೆ. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾಯಿಸಲೆಂದು ಆಪರೇಷನ್ ಥಿಯೇಟರಿಗೆ ಕಳುಹಿಸಬೇಕಾದ ಸ್ಥಿತಿಯನ್ನು ಊಹಿಸಿಕೊಳ್ಳಿ.

ಪೇಸ್‌ಮೇಕರ್ ರೂಪಿಸಿದವರಲ್ಲಿ ಒಬ್ಬರಾದ ಅಮೆರಿಕದ ಎಂಜಿನಿಯರ್ ವಿಲ್ಸನ್ ಗ್ರೇಟ್‌ಬ್ಯಾಚ್ ಬೇರೆ ಕೋಶಕ್ಕಾಗಿ ಹುಡುಕುತ್ತಿದ್ದರು. ಆಗ ಬಾಲ್ಟಿಮೋರಿನ ಸಂಶೋಧಕರು ರೂಪಿಸಿದ ಲಿಥಿಯಮ್–ಅಯೊಡಿನ್ ಕೋಶ ಅವರ ಗಮನಕ್ಕೆ ಬಂತು. ಅದನ್ನು ಸುಧಾರಿಸಿ ಪೇಸ್‌ಮೇಕರಿಗೆ ಹೊಂದಿಸಿದರು. 1972ರಲ್ಲಿ ಇಟಲಿಯಲ್ಲಿ ರೋಗಿಯೊಬ್ಬರಿಗೆ ಇಂತಹ ಕೋಶವಿದ್ದ ಉಪಕರಣವನ್ನು ಮೊದಲ ಬಾರಿಗೆ ಅಳವಡಿಸಲಾಯಿತು.

ಈ ಕೋಶದ ಚಮತ್ಕಾರವನ್ನು ನೀವು ತಿಳಿಯಲೇಬೇಕು. ಇದರಲ್ಲಿ ವಿದ್ಯುದ್ವಿಭಾಜ್ಯವನ್ನು ಯಾರೂ ತಂದು ಸುರಿಯುವುದಿಲ್ಲ. ಲಿಥಿಯಮ್ ಲೋಹಕ್ಕೆ ಅಯೊಡಿನ್ ಬೆರೆತ ವಸ್ತುವನ್ನು ತಾಗಿಸಿದೊಡನೆ ಎರಡೂ ಕೂಡುವ ಗಡಿಯಲ್ಲಿ ಲಿಥಿಯಮ್ ಅಯೊಡೈಡಿನ ತೆಳುವಾದ ಪದರವೊಂದು ತಾನಾಗಿಯೇ ಹುಟ್ಟುತ್ತದೆ. ಆ ಘನ ಪದರವೇ ವಿದ್ಯುದ್ವಿಭಾಜ್ಯ, ಅದೇ ಎರಡು ಅಗ್ರಗಳನ್ನು ಬೇರ್ಪಡಿಸುವ ಗೋಡೆ. ಒಂದು ವೇಳೆ ಪದರದಲ್ಲಿ ಬಿರುಕು ಬಿಟ್ಟರೆ? ಬಿರುಕಿನ ಮೂಲಕ ಬಂದ ಅಯೊಡಿನ್ ಲಿಥಿಯಮ್ಮನ್ನು ಮುಟ್ಟಿ ಮತ್ತೆ ಲಿಥಿಯಮ್ ಅಯೊಡೈಡ್ ಆಗುತ್ತದೆ, ಬಿರುಕು ತುಂಬಿಕೊಳ್ಳುತ್ತದೆ. ಗಾಯ ತಾನೇ ಮಾಯುವಂತೆ! ಅನಿಲ ಹುಟ್ಟುವುದಿಲ್ಲವಾದ್ದರಿಂದ ಲೋಹದ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಬೆಸುಗೆ ಹಾಕಬಹುದು. ದಿನ ಕಳೆದಂತೆ ಪದರ ದಪ್ಪವಾಗಿ ವೋಲ್ಟೇಜು ನಿಧಾನವಾಗಿ ಇಳಿಯುವುದರಿಂದ ಕೋಶ ಮುಗಿಯುವುದು ವೈದ್ಯರಿಗೆ ಮುಂಚಿತವಾಗಿಯೇ ತಿಳಿಯುತ್ತದೆ. ಎರಡು ವರ್ಷದ ಬಾಳಿಕೆ ಹತ್ತು ವರ್ಷದ ಸಮೀಪಕ್ಕೆ ಬಂತು.

ಹಾಗಾದರೆ ಇದನ್ನೇ ಫೋನಿಗೂ ಹಾಕಬಾರದೇಕೆ? ಎರಡು ಕಾರಣಗಳಿವೆ. ಒಂದು, ಇದನ್ನು ಮತ್ತೆ ಚಾರ್ಜ್ ಮಾಡಲಾಗದು. ಎರಡು, ಲಿಥಿಯಮ್ ಅಯೊಡೈಡಿನಲ್ಲಿ ಅಯಾನುಗಳ ನಡಿಗೆ ಬಹಳ ನಿಧಾನ. ಇಂದಿನ ದ್ರವಕ್ಕೆ ಹೋಲಿಸಿದರೆ ಅದರ ವಾಹಕತೆ ಸುಮಾರು ಲಕ್ಷ ಪಟ್ಟು ಕಡಿಮೆ. ಪೇಸ್‌ಮೇಕರಿಗೆ ಬೇಕಾದ ವಿದ್ಯುತ್ತು ಆಂಪಿಯರಿನ ಲಕ್ಷಾಂಶಗಳಲ್ಲಿ. ಅಷ್ಟಕ್ಕೆ ಆಮೆಯ ನಡಿಗೆ ಸಾಕು. ಸ್ಕೂಟರನ್ನು ಏರು ಹತ್ತಿಸಲು ಅದು ಸಾಲದು.

ದ್ರವದ ದಾರಿಯೇ ಗೆದ್ದದ್ದು ಹೇಗೆ?

ಅದೇ 1970ರ ದಶಕದಲ್ಲಿ ಅಮೆರಿಕದ ಎಕ್ಸಾನ್ ತೈಲ ಕಂಪನಿಯಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರು ಮರಳಿ ಚಾರ್ಜ್ ಮಾಡಬಹುದಾದ ಲಿಥಿಯಮ್ ಬ್ಯಾಟರಿಯನ್ನು ರೂಪಿಸಿದರು. ಒಂದು ಕಡೆ ಲಿಥಿಯಮ್ ಲೋಹ, ಇನ್ನೊಂದು ಕಡೆ ಟೈಟೇನಿಯಮ್ ಡೈಸಲ್ಫೈಡ್, ನಡುವೆ ದ್ರವ. ತೊಂದರೆ ಎದುರಾದದ್ದು ಚಾರ್ಜ್ ಮಾಡುವಾಗ. ಮರಳಿ ಬಂದ ಲಿಥಿಯಮ್ ಲೋಹದ ಮೇಲೆ ಸಮನಾಗಿ ಕೂರುವುದಿಲ್ಲ. ಅಲ್ಲಲ್ಲಿ ಮೊಳಕೆಯೊಡೆದು ಗಿಡದಂತೆ ಕವಲೊಡೆಯುತ್ತದೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ. ಈ ಲೋಹದ ಕವಲು ಬೆಳೆದು ಎದುರು ದಡವನ್ನು ಮುಟ್ಟಿದರೆ ಎಲೆಕ್ಟ್ರಾನುಗಳಿಗೆ ಕೋಶದೊಳಗೇ ಕಳ್ಳದಾರಿ ಸಿಕ್ಕಂತೆ. ಆ ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳದವರು ಮತ್ತೆ ಮತ್ತೆ ಬರಬೇಕಾಯಿತು.

1980ರ ದಶಕದ ಕೊನೆಯಲ್ಲಿ ಕೆನಡಾದ ಮೋಲಿ ಎನರ್ಜಿ ಎಂಬ ಕಂಪನಿ ಲಿಥಿಯಮ್ ಲೋಹದ ಕೋಶಗಳನ್ನು ಮಾರುಕಟ್ಟೆಗೆ ತಂದಿತು. 1989ರಲ್ಲಿ ಜಪಾನಿನಲ್ಲಿ ಅದನ್ನು ಬಳಸಿದ ಫೋನಿಗೆ ಬೆಂಕಿ ಹೊತ್ತಿಕೊಂಡಿತು. ಮಾರಿದ್ದನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು.

ಇಲ್ಲಿಂದ ದಾರಿ ಎರಡಾಗಿ ಒಡೆಯಿತು. ಒಂದು ದಾರಿ, ದ್ರವವನ್ನು ಬಿಟ್ಟು ಘನಕ್ಕೆ ಹೋಗುವುದು. ಇನ್ನೊಂದು, ದ್ರವವನ್ನು ಉಳಿಸಿಕೊಂಡು ಲಿಥಿಯಮ್ ಲೋಹವನ್ನೇ ಬಿಡುವುದು. ಉದ್ಯಮಗಳು ಎರಡನೆಯ ದಾರಿ ಹಿಡಿದವು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಅವರು ಲಿಥಿಯಮ್ ಕೋಬಾಲ್ಟ್ ಆಕ್ಸೈಡನ್ನು ಧನಾಗ್ರವಾಗಿ ಬಳಸಬಹುದೆಂದು ತೋರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಅವರು ಋಣಾಗ್ರದಲ್ಲಿ ಲೋಹದ ಬದಲು ಇಂಗಾಲದ ವಸ್ತುವನ್ನಿಟ್ಟರು. ಲಿಥಿಯಮ್ ಅದರ ಪದರಗಳ ನಡುವೆ ಅಡಗಿ ಕೂರುತ್ತದೆ. 1991ರಲ್ಲಿ ಸೋನಿ ಕಂಪನಿ ಈ ಬಗೆಯ ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೊಶಿನೊ ಮೂವರಿಗೂ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಅದುವರೆಗೆ ಬೇರಾರೂ ಇರಲಿಲ್ಲ.

ಈ ದಾರಿ ಜಗತ್ತನ್ನೇ ಬದಲಿಸಿತು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ದ್ರವ ಉಳಿಯಿತು, ಅದರೊಂದಿಗೆ ಅಪಾಯವೂ ಉಳಿಯಿತು. 2006ರಲ್ಲಿ ಲಕ್ಷಾಂತರ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಲಾಯಿತು. 2013ರ ಜನವರಿಯಲ್ಲಿ ಬ್ಯಾಟರಿ ದೋಷದಿಂದ ಬೋಯಿಂಗ್ 787 ವಿಮಾನಗಳೆಲ್ಲ ನೆಲದಲ್ಲೇ ನಿಂತವು. 2016ರಲ್ಲಿ ಸ್ಯಾಮ್ಸಂಗ್ ಕಂಪನಿ ಒಂದು ಮಾದರಿಯ ಫೋನನ್ನೇ ಕೈಬಿಟ್ಟಿತು. ಕೋಟ್ಯಂತರ ಕೋಶಗಳಲ್ಲಿ ಕೆಡುವವು ಕೆಲವೇ ಕೆಲವು ಎಂಬುದು ನಿಜ. ಆದರೆ ಕೆಟ್ಟಾಗ ಉರಿಯುವ ಗುಣ ಮಾತ್ರ ಎಲ್ಲದರಲ್ಲಿಯೂ ಇದೆ.

ಘನದ ದಾರಿ ಹಿಡಿದವರು

ಘನದ ದಾರಿಯಲ್ಲಿ ನಡೆದವರೂ ಸುಮ್ಮನಿರಲಿಲ್ಲ. 1973ರಲ್ಲಿ ಇಂಗ್ಲೆಂಡಿನ ಪೀಟರ್ ರೈಟ್ ಮತ್ತು ಸಂಗಡಿಗರು ಪಾಲಿಥಿಲೀನ್ ಆಕ್ಸೈಡ್ ಎಂಬ ಪ್ಲಾಸ್ಟಿಕ್ಕಿಗೆ ಲವಣ ಸೇರಿಸಿದರೆ ಅದು ಅಯಾನುಗಳನ್ನು ಸಾಗಿಸುತ್ತದೆ ಎಂದು ಕಂಡರು. ಇದನ್ನು ಬ್ಯಾಟರಿಗೆ ಬಳಸಬಹುದೆಂದು 1978ರಲ್ಲಿ ಫ್ರಾನ್ಸಿನ ಮಿಶೆಲ್ ಅರ್ಮಾಂ ಸೂಚಿಸಿದರು. 2011ರಿಂದ 2018ರವರೆಗೆ ಪ್ಯಾರಿಸ್ ನಗರದಲ್ಲಿ ಬಾಡಿಗೆಗೆ ಓಡಿದ ವಿದ್ಯುತ್ ಕಾರುಗಳಲ್ಲಿ ಇಂತಹ ಪಾಲಿಮರ್ ಬ್ಯಾಟರಿಗಳೇ ಇದ್ದವು. ಆದರೆ ಈ ಪ್ಲಾಸ್ಟಿಕ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಬ್ಯಾಟರಿಯನ್ನು 60 ಡಿಗ್ರಿಗೂ ಹೆಚ್ಚು ಬಿಸಿಯಾಗಿಡಬೇಕು. 1990ರ ದಶಕದ ಆರಂಭದಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಜಾನ್ ಬೇಟ್ಸ್ ತಂಡದವರು ಗಾಜಿನಂತಹ ಬಹು ತೆಳುವಾದ ಪದರದ ಕೋಶಗಳನ್ನು ಮಾಡಿದರು. ಅವು ಸಾವಿರಾರು ಬಾರಿ ಚಾರ್ಜ್ ಆದರೂ ಕೆಡುತ್ತಿರಲಿಲ್ಲ. ಆದರೆ ಅಷ್ಟು ತೆಳುವಾದ ಕೋಶ ಹಿಡಿದಿಡುವ ಶಕ್ತಿ ಅತ್ಯಲ್ಪ.

ಮುಂದಿನ ದೊಡ್ಡ ಹೆಜ್ಜೆಯಲ್ಲಿ ಬೆಂಗಳೂರಿನಲ್ಲಿ ಕಲಿತವರ ಪಾತ್ರವಿದೆ. ವೆಂಕಟರಾಮನ್ ತಂಗದುರೈ ಅವರು 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲಿಥಿಯಮ್ ಅಯಾನುಗಳನ್ನು ಸಾಗಿಸುವ ಘನವಸ್ತುಗಳ ಬಗ್ಗೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅನಂತರ ಜರ್ಮನಿಯ ಕೀಲ್ ನಗರದಲ್ಲಿ ವರ್ನರ್ ವೆಪ್ನರ್ ಅವರ ಜೊತೆ ಸೇರಿದರು. 2003ರಲ್ಲಿ ಅವರು ಗಾರ್ನೆಟ್ ರಚನೆಯ ಆಕ್ಸೈಡುಗಳಲ್ಲಿ ಲಿಥಿಯಮ್ ಅಯಾನು ಚೆನ್ನಾಗಿ ಚಲಿಸುತ್ತದೆ ಎಂದು ತೋರಿಸಿದರು. ನವರತ್ನಗಳಲ್ಲಿ ಒಂದಾದ ಗೋಮೇಧಿಕ ಗಾರ್ನೆಟ್ ಗುಂಪಿನ ಕಲ್ಲೇ. ಅದೇ ಬಗೆಯ ಜೋಡಣೆ ಇಲ್ಲಿಯೂ ಇದೆ. 2007ರಲ್ಲಿ ರಾಮಸ್ವಾಮಿ ಮುರುಗನ್, ತಂಗದುರೈ ಮತ್ತು ವೆಪ್ನರ್ ಮೂವರೂ ಸೇರಿ ಲಿಥಿಯಮ್, ಲ್ಯಾಂಥನಮ್, ಜಿರ್ಕೋನಿಯಮ್ ಇರುವ ಹೊಸ ಗಾರ್ನೆಟ್ಟನ್ನು ಪ್ರಕಟಿಸಿದರು. ಕೋಣೆಯ ಉಷ್ಣತೆಯಲ್ಲಿ ಅದರ ವಾಹಕತೆ ಇಂದಿನ ದ್ರವದ ಸುಮಾರು ಮೂವತ್ತರಲ್ಲಿ ಒಂದು ಭಾಗ. ಲಿಥಿಯಮ್ ಅಯೊಡೈಡಿನ ಲಕ್ಷದಲ್ಲಿ ಒಂದು ಭಾಗವೆಲ್ಲಿ, ಇದೆಲ್ಲಿ! ಅದಕ್ಕಿಂತಲೂ ಮುಖ್ಯವಾಗಿ, ಅದು ಉರಿಯುವುದಿಲ್ಲ. ಲಿಥಿಯಮ್ ಲೋಹವನ್ನು ತಾಗಿದರೂ ಕೆಡುವುದಿಲ್ಲ.

2011ರಲ್ಲಿ ಜಪಾನಿನ ರ್ಯೋಜಿ ಕಾನ್ನೊ ಅವರ ತಂಡ ಮತ್ತೊಂದು ಸುದ್ದಿ ಕೊಟ್ಟಿತು. ಲಿಥಿಯಮ್, ಜರ್ಮೇನಿಯಮ್, ರಂಜಕ, ಗಂಧಕ ಕೂಡಿದ ಸಲ್ಫೈಡೊಂದರಲ್ಲಿ ಲಿಥಿಯಮ್ ಅಯಾನುಗಳು ದ್ರವದಲ್ಲಿ ಓಡುವಷ್ಟೇ ಸಲೀಸಾಗಿ ಓಡುತ್ತವೆ! 2016ರಲ್ಲಿ ಇದರ ಸಂಬಂಧಿಯಾದ ಮತ್ತೊಂದು ಸಲ್ಫೈಡ್ ಎರಡು ಪಟ್ಟು ಮೇಲಾಯಿತು. ಘನ ನಿಧಾನ, ದ್ರವ ಚುರುಕು ಎಂಬ ಹಳೆಯ ಆಕ್ಷೇಪಣೆ ಇಲ್ಲಿಗೆ ಮುಗಿಯಿತು.

ಆದರೆ ಒಂದೊಂದಕ್ಕೂ ಒಂದೊಂದು ಕುಂದು. ಸಲ್ಫೈಡ್ ಮೆತ್ತಗಿರುವುದರಿಂದ ಒತ್ತಿದರೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಗಾಳಿಯ ತೇವ ತಾಗಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತದೆ. ಗಾರ್ನೆಟ್ ಗಟ್ಟಿ, ಆದರೆ ಅದನ್ನು ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಸುಡಬೇಕು, ಸುಟ್ಟ ಮೇಲೆ ಪಿಂಗಾಣಿಯಂತೆ ಒಡೆಯುತ್ತದೆ.

ಗಟ್ಟಿತನವೊಂದೇ ಸಾಲದು

ಈಗ ಕಥೆಯ ಮುಖ್ಯ ತಿರುವಿಗೆ ಬರೋಣ. 2005ರಲ್ಲಿ ಅಮೆರಿಕದ ಚಾರ್ಲ್ಸ್ ಮನ್ರೋ ಮತ್ತು ಜಾನ್ ನ್ಯೂಮನ್ ಒಂದು ಲೆಕ್ಕ ಮಂಡಿಸಿದ್ದರು. ನಡುವಿನ ವಸ್ತು ಲಿಥಿಯಮ್ ಲೋಹಕ್ಕಿಂತ ಸುಮಾರು ಎರಡು ಪಟ್ಟು ಬಿಗಿಯಾಗಿದ್ದರೆ ಡೆಂಡ್ರೈಟ್ ಬೆಳೆಯಲಾರದು ಎಂಬುದು ಅದರ ಸಾರ. ಲಿಥಿಯಮ್ ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೃದು ಲೋಹ. ಗಾರ್ನೆಟ್ ಅದಕ್ಕಿಂತ ಎಷ್ಟೋ ಪಟ್ಟು ಬಿಗಿ. ಆದ್ದರಿಂದ ಅಪಾಯ ಕಳೆಯಿತೆಂದು ಅನೇಕರು ನಂಬಿದರು.

ಪ್ರಯೋಗಗಳು ಬೇರೆಯೇ ಹೇಳಿದವು. ಜೋರಾಗಿ ಚಾರ್ಜ್ ಮಾಡಿದಾಗ ಆ ಮೃದು ಲಿಥಿಯಮ್ ಕಲ್ಲಿನಂತಹ ಗಾರ್ನೆಟ್ಟನ್ನೂ ಸೀಳಿಕೊಂಡು ಆಚೆಗೆ ಹೋಯಿತು! ಅದು ಕಣಗಳ ಸಂದುಗಳನ್ನು, ಕಣ್ಣಿಗೆ ಕಾಣದ ಬಿರುಕುಗಳನ್ನು ಹಿಡಿದು ಸಾಗುತ್ತಿತ್ತು. ಕಲ್ಲಿನ ಗೋಡೆಯ ಬಿರುಕಿನಲ್ಲಿ ಅರಳಿ ಗಿಡದ ಬೇರು ಇಳಿದು ಗೋಡೆಯನ್ನೇ ಸೀಳುವುದನ್ನು ನೀವು ಹಳೆಯ ದೇವಸ್ಥಾನಗಳಲ್ಲಿ ನೋಡಿರಬಹುದು. ಬೇರು ಕಲ್ಲಿಗಿಂತ ಗಟ್ಟಿಯಲ್ಲ. ಅದಕ್ಕೆ ಬೇಕಾದದ್ದು ನುಸುಳಲು ಒಂದು ಸಂದು.

ಆ ಬೇರು ಮೊಳೆಯುವುದು ಎಲ್ಲಿ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಐತುಕೂರಿ ಅವರ ತಂಡವೂ ಒಂದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಜೊತೆಗೂಡಿ 2022ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯನ್ನು ಸರಳವಾಗಿ ಹೀಗೆ ಹೇಳಬಹುದು. ಕೋಶ ಬಳಕೆಯಾಗುವಾಗ ಲಿಥಿಯಮ್ ಲೋಹ ಸವೆದು, ಘನ ವಿದ್ಯುದ್ವಿಭಾಜ್ಯಕ್ಕೆ ಅದು ತಾಗಿರುವ ಗಡಿಯಲ್ಲಿ ಅತಿ ಸಣ್ಣ ಪೊಳ್ಳುಗಳು ಉಂಟಾಗುತ್ತವೆ. ದ್ರವವಾಗಿದ್ದರೆ ಅದು ಹರಿದು ಪೊಳ್ಳನ್ನು ತುಂಬುತ್ತಿತ್ತು. ಘನ ಹರಿಯುವುದಿಲ್ಲ. ಪೊಳ್ಳಿನ ಮೂಲಕ ಅಯಾನು ದಾಟಲಾಗದ್ದರಿಂದ ಎಲ್ಲವೂ ಪೊಳ್ಳಿನ ಅಂಚಿಗೆ ಬಂದು ನೂಕುನುಗ್ಗಲಾಗುತ್ತದೆ. ಕೋಶದ ಸರಾಸರಿಗಿಂತ ಸುಮಾರು 10,000 ಪಟ್ಟು ಹೆಚ್ಚು ವಿದ್ಯುತ್ತು ಆ ಅಂಚಿನಲ್ಲಿ ಹರಿಯುತ್ತದೆ ಎಂದು ತಂಡ ಲೆಕ್ಕ ಹಾಕಿತು. ಡೆಂಡ್ರೈಟ್ ಹುಟ್ಟಲು ಇಷ್ಟು ಸಾಕು. ಲಿಥಿಯಮ್ ಮತ್ತು ವಿದ್ಯುದ್ವಿಭಾಜ್ಯದ ನಡುವೆ ಟಂಗ್‌ಸ್ಟನ್ನಿನಂತಹ ಲೋಹದ ಅತಿ ತೆಳುವಾದ ಲೇಪ ಕೊಟ್ಟರೆ ಡೆಂಡ್ರೈಟ್ ಬೆಳೆಯುವುದು ತಡವಾಗುತ್ತದೆ ಎಂದೂ ಅವರು ತೋರಿಸಿದರು.

ಈಗ ಪೇಸ್‌ಮೇಕರಿನ ಕೋಶವನ್ನು ಮತ್ತೆ ನೆನಪಿಸಿಕೊಳ್ಳಿ. ಅದು ಗೆದ್ದದ್ದು ಅದರ ವಿದ್ಯುದ್ವಿಭಾಜ್ಯ ಚುರುಕಾಗಿತ್ತೆಂದಲ್ಲ, ಗಟ್ಟಿಯಾಗಿತ್ತೆಂದೂ ಅಲ್ಲ. ಎರಡು ವಸ್ತುಗಳು ಸೇರುವ ಗಡಿ ತಾನೇ ಹುಟ್ಟಿ, ತಾನೇ ದುರಸ್ತಿಯಾಗುತ್ತಿತ್ತು. ಅದಕ್ಕೆ ವಹಿಸಿದ ಕೆಲಸವೂ ಹಗುರವಾಗಿತ್ತು. ಫ್ಯಾರಡೆಯಿಂದ ಇಲ್ಲಿಯವರೆಗಿನ ಇತಿಹಾಸ ನಮಗೆ ಹೇಳುವುದು ಇದನ್ನೇ. ಒಳ್ಳೆಯ ಘನವಸ್ತುವನ್ನು ಹುಡುಕುವುದು ಅರ್ಧ ಕೆಲಸ. ಅದು ಪಕ್ಕದ ವಸ್ತುವಿನೊಡನೆ ಸಾವಿರಾರು ಬಾರಿ ಬಿಡದೆ ಕೂಡಿರುವಂತೆ ನೋಡಿಕೊಳ್ಳುವುದು ಉಳಿದರ್ಧ, ಅದೇ ಹೆಚ್ಚು ಕಷ್ಟದ್ದು.

ಮುಂದೇನು?

2023ರಲ್ಲಿ ಜಪಾನಿನ ಟೊಯೋಟಾ ಕಂಪನಿ ಘನ ವಿದ್ಯುದ್ವಿಭಾಜ್ಯದ ಕಾರು ಬ್ಯಾಟರಿಯನ್ನು 2027–28ರ ವೇಳೆಗೆ ತರುವ ಗುರಿಯನ್ನು ಪ್ರಕಟಿಸಿತು. ಬೇರೆ ದೇಶಗಳ ಕಂಪನಿಗಳೂ ಇದೇ ಓಟದಲ್ಲಿವೆ. ಸ್ವಲ್ಪ ದ್ರವವನ್ನು ಉಳಿಸಿಕೊಂಡ ಅರೆಘನ ಬ್ಯಾಟರಿಗಳೂ ಬಂದಿವೆ. ನೀವು ಇಂತಹ ಬ್ಯಾಟರಿಯ ಜಾಹೀರಾತು ಕಂಡಾಗ ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿ. ಒಳಗೆ ದ್ರವ ಒಂದಿಷ್ಟೂ ಇಲ್ಲವೇ, ಇಲ್ಲ ಕಡಿಮೆ ಇದೆಯೇ? ಯಾವ ಉಷ್ಣತೆಯಲ್ಲಿ, ಎಷ್ಟು ಒತ್ತಡದಲ್ಲಿ ಅದು ಕೆಲಸ ಮಾಡುತ್ತದೆ? ಎಷ್ಟು ಬಾರಿ, ಎಷ್ಟು ಬೇಗ ಚಾರ್ಜ್ ಮಾಡಿ ಪರೀಕ್ಷಿಸಿದ್ದಾರೆ? ಉರಿಯುವ ದ್ರವ ಹೋದರೆ ಬೆಂಕಿಯ ದೊಡ್ಡ ಆಹಾರವೊಂದು ಹೋದಂತೆ. ಆದರೆ ಲಿಥಿಯಮ್ ಲೋಹ 180 ಡಿಗ್ರಿಯಲ್ಲಿ ಕರಗುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ಘನ ಬ್ಯಾಟರಿಯೂ ಬಿಸಿಯಾಗುತ್ತದೆ. ಹೆಚ್ಚು ಸುರಕ್ಷಿತ ಎನ್ನಬಹುದು, ಅಪಾಯವೇ ಇಲ್ಲ ಎನ್ನಲಾಗದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ದ್ರವದ ಬ್ಯಾಟರಿಯೇ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಉಪಕರಣದ ಜೊತೆ ಬಂದ ಚಾರ್ಜರನ್ನೇ ಬಳಸಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಮುಂದೆ ರಸಾಯನ ವಿಜ್ಞಾನವನ್ನೋ ಭೌತವಿಜ್ಞಾನವನ್ನೋ ಎಂಜಿನಿಯರಿಂಗನ್ನೋ ಆರಿಸಿಕೊಳ್ಳುವಿರಿ. ಈ ಸಮಸ್ಯೆಗೆ ಮೂವರೂ ಬೇಕು. ಅಯಾನು ಓಡುವ ದಾರಿ ಗೊತ್ತಾಗಿದೆ, ಓಟದ ವೇಗವೂ ಸಿಕ್ಕಿದೆ. ಎರಡು ಘನವಸ್ತುಗಳನ್ನು ಬಿರುಕಿಲ್ಲದೆ, ಪೊಳ್ಳಿಲ್ಲದೆ, ವರ್ಷಗಟ್ಟಲೆ ಕೂಡಿಸಿಡುವ ಕೆಲಸ ಇನ್ನೂ ಬಾಕಿ ಇದೆ. ಅದು ನಿಮ್ಮ ತಲೆಮಾರಿನ ಕೆಲಸ.